5 ಸ್ಟಾರ್, 28 ಡಿಗ್ರಿ: ಮಗುವಿನ ಸಾಮಾನು ಕೊಳ್ಳಲು ಯಾರ ಮಾತು ಕೇಳೋದು?

ನನ್ನ ಬಸುರಿ ತಂಗಿಗೆ ಏಳು ತಿಂಗಳು ತುಂಬಿದಾಗ ಅವಳ ಫೋನಿನಲ್ಲಿ ಒಂದು ಪಟ್ಟಿ ಇತ್ತು. 43 ಸಾಮಾನು. ಬಾಟಲಿ ಬಿಸಿ ಮಾಡುವ ಯಂತ್ರದಿಂದ ಹಿಡಿದು, ಮಗುವಿನ ಕಾಲ್ಚೀಲದೊಳಗೆ ಕೂತು ಎದೆಬಡಿತ ಎಣಿಸುವ ಸೆನ್ಸರ್‌ವರೆಗೆ. ಪ್ರತಿ ಸಾಮಾನಿನ ಮುಂದೆ ಅದನ್ನು ಯಾರು ಹೇಳಿದರು ಅನ್ನೋದನ್ನೂ ಬರೆದಿಟ್ಟಿದ್ದಳು. 'ಅತ್ತೆ', 'ವಿಡಿಯೋ', 'ಆಫೀಸಿನ ಗೆಳತಿ', 'ಡಾಕ್ಟ್ರು', 'ಅಂಗಡಿ', 'ರಿವ್ಯೂ'. ಒಂದೇ ಸಾಮಾನಿನ ಮುಂದೆ ಇಬ್ಬರ ಹೆಸರಿದ್ದರೆ ಇಬ್ಬರ ಮಾತೂ ಒಂದಕ್ಕೊಂದು ಉಲ್ಟಾ.

"ಅಕ್ಕ, ಇದರಲ್ಲಿ ಯಾರನ್ನ ನಂಬಲಿ?" ಅಂತ ಕೇಳಿದಳು.

ನನಗೆ ಇಬ್ಬರು ಮಕ್ಕಳು. ಹಾಗಾಗಿ ನನಗೆ ಎಲ್ಲ ಗೊತ್ತಿರುತ್ತದೆ ಅಂತ ಅವಳ ನಂಬಿಕೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಿದ್ದದ್ದು ನನ್ನ ಇಬ್ಬರು ಮಕ್ಕಳ ವಿಷಯ ಮಾತ್ರ, ಅದೂ ಅರ್ಧ ಮರೆತುಹೋಗಿತ್ತು. ಆದರೂ ಅಕ್ಕ ಅನ್ನಿಸಿಕೊಂಡ ಮೇಲೆ ಏನಾದರೂ ಹೇಳಲೇಬೇಕು, ಅಲ್ವಾ? ಸಲಹೆ ಕೊಟ್ಟವರನ್ನು ಎರಡು ಗುಂಪು ಮಾಡು ಅಂದೆ. ನೀನು ಕೊಂಡರೆ ದುಡ್ಡು ಸಿಗುವವರು ಒಂದು ಕಡೆ, ಏನೂ ಸಿಗದವರು ಇನ್ನೊಂದು ಕಡೆ. ವಿಡಿಯೋ, ಅಂಗಡಿ ಆ ಕಡೆ ಹೋದವು. ಅತ್ತೆ, ಗೆಳತಿ, ಡಾಕ್ಟ್ರು ಈ ಕಡೆ ಬಂದರು. ಆ ಸಂಜೆ ಇಬ್ಬರಿಗೂ ಬಹಳ ಸಮಾಧಾನವಾಯಿತು.

ಎರಡು ವಾರದಲ್ಲಿ ಆ ವಿಂಗಡಣೆ ಬಿದ್ದುಹೋಯಿತು. ಪಟ್ಟಿಯಲ್ಲೇ ಎಲ್ಲಕ್ಕಿಂತ ಅಪಾಯದ ಸಲಹೆ ಬಂದದ್ದು ಒಂದು ಪೈಸೆ ಲಾಭವಿಲ್ಲದ ಗೆಳತಿಯಿಂದ. ಎಲ್ಲಕ್ಕಿಂತ ಒಳ್ಳೆಯದು ಬಂದದ್ದು ಕಮಿಷನ್ ಮೇಲೆ ಬದುಕುವ ಅಂಗಡಿ ಹುಡುಗನಿಂದ.

ಗೆಳತಿ ಕೊಟ್ಟ ಓರೆ ತೊಟ್ಟಿಲು

ಆಫೀಸಿನ ಗೆಳತಿ ಒಳ್ಳೆಯವಳು. ತನ್ನ ಮಗು ಮಲಗುತ್ತಿದ್ದ ತೊಟ್ಟಿಲನ್ನು ಒಗೆದು, ಒಣಗಿಸಿ, ಮಡಿಸಿ ತಾನೇ ತಂದುಕೊಟ್ಟಳು. "ನನ್ನ ಮಗ ಬೇರೆಲ್ಲೂ ಮಲಗ್ತಾನೇ ಇರಲಿಲ್ಲ ಕಣೆ, ಇದರಲ್ಲಿ ಹಾಕಿದರೆ ಐದು ಗಂಟೆ ನಿದ್ದೆ" ಅಂದಳಂತೆ. ರಾತ್ರಿ ನಿದ್ದೆ ಇಲ್ಲದೆ ಒದ್ದಾಡುವ ದಿನಗಳನ್ನು ನೆನೆಸಿಕೊಂಡರೆ ಆ ಐದು ಗಂಟೆಗೆ ಯಾರು ಬೇಡ ಅಂತಾರೆ!

ಅದು ಚಪ್ಪಟೆ ತೊಟ್ಟಿಲಲ್ಲ. ಎರಡು ಕಂಬಿ ಕಾಲುಗಳ ನಡುವೆ ಬಟ್ಟೆಯನ್ನು ಬಿಗಿದು, ತಲೆಯ ಕಡೆ ಎತ್ತರ, ಕಾಲಿನ ಕಡೆ ತಗ್ಗು ಮಾಡಿದ್ದರು. ಅಂಗಡಿಯವರು ಇನ್‌ಕ್ಲೈನ್ಡ್ ಸ್ಲೀಪರ್ ಅನ್ನುವುದು ಇದಕ್ಕೇ. ಒಳಗೆ ಮೆತ್ತನೆ ದಿಂಬಿನಂಥ ಹಾಸು. ನೋಡಿದರೆ ಮಗುವನ್ನು ಅಪ್ಪಿಕೊಂಡಂತೆ ಕಾಣುತ್ತದೆ.

ನನಗೆ ಎಲ್ಲೋ ಓದಿದ ನೆನಪು ಕೊರೆಯುತ್ತಿತ್ತು. ಮಾಡೆಲ್ ನಂಬರ್ ನೋಡೋಣ ಅಂದರೆ ಕೆಳಗಿನ ಚೀಟಿ ಹರಿದುಹೋಗಿತ್ತು. ನಂಬರ್ ಇಲ್ಲದೆ, ಅಪಾಯ ಅಂತ ಕಂಪನಿ ಅದನ್ನು ವಾಪಸ್ ಕರೆದಿದೆಯೋ ಇಲ್ಲವೋ ಹುಡುಕುವುದು ಹೇಗೆ? ಆಗ ತಂಗಿಯ ಗಂಡ ಒಂದು ಕೆಲಸ ಮಾಡಿದ. ಅಡುಗೆಮನೆಯಿಂದ ತರಕಾರಿ ಹೆಚ್ಚುವ ಹಲಗೆ ತಂದು, ಮಗುವಿನ ಬೆನ್ನು ಬರುವ ಜಾಗದಲ್ಲಿ ಬಟ್ಟೆಯ ಮೇಲಿಟ್ಟ. ಅದರ ಮೇಲೆ ಫೋನ್ ಇಟ್ಟು, ಎಷ್ಟು ಡಿಗ್ರಿ ಓರೆ ಅಂತ ತೋರಿಸುವ ರಸಮಟ್ಟದ ಆ್ಯಪ್ ತೆಗೆದ. ಅಂಕಿ ಸ್ವಲ್ಪ ಹೊತ್ತು ಓಲಾಡಿ 28ಕ್ಕೆ ನಿಂತಿತು. ಹಲಗೆಯನ್ನು ಒಂದು ಚೂರು ಸರಿಸಿ ನೋಡಿದ. ಮತ್ತೆ 28.

ಮಗು ಮಲಗುವ ಜಾಗ ಇದಕ್ಕಿಂತ ಓರೆ ಇರಬಾರದು ಅಂತ ಅಮೆರಿಕದಲ್ಲಿ ಇಟ್ಟಿರುವ ಮಿತಿ 10 ಡಿಗ್ರಿ. ಆ ಅಂಕಿ ಸುಮ್ನೆ ಬಂದದ್ದಲ್ಲ. ಓರೆ ತೊಟ್ಟಿಲಲ್ಲಿ ಮಕ್ಕಳು ತೀರಿಕೊಂಡ ವರದಿಗಳು ಜಾಸ್ತಿಯಾದಾಗ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ತಜ್ಞರಿಂದ ಪರೀಕ್ಷೆ ಮಾಡಿಸಿತು. 2019ರಲ್ಲಿ ಹೊರಬಂದ ಆ ವರದಿ ಹೇಳಿದ್ದು ಇಷ್ಟು. ಓರೆಯಾದ ಜಾಗದಲ್ಲಿ ಮಗು ಮಗುಚಿಕೊಳ್ಳುವುದು ಸುಲಭ. ಆದರೆ ಮಗುಚಿದ ಮೇಲೆ ತಲೆ ಎತ್ತಿ ಹಿಡಿಯಲು, ಮತ್ತೆ ತಿರುಗಲು ಹೊಟ್ಟೆಯ ಸ್ನಾಯು ಚಪ್ಪಟೆ ಜಾಗಕ್ಕಿಂತ ಜಾಸ್ತಿ ದುಡಿಯಬೇಕು. ಮಗು ಬೇಗ ಸುಸ್ತಾಗುತ್ತದೆ. ಮುಖ ಮೆತ್ತನೆ ಹಾಸಿನಲ್ಲಿ ಹುದುಗುತ್ತದೆ. ಮಗುಚದಿದ್ದರೂ ಇನ್ನೊಂದು ತೊಂದರೆ ಇದೆ. ತಲೆಯ ಭಾರಕ್ಕೆ ಗದ್ದ ಎದೆಗೆ ಬಾಗುತ್ತದೆ. ಸಣ್ಣ ಮಗುವಿನ ಉಸಿರಿನ ಕೊಳವೆ ಸಣ್ಣದು, ಮೆತ್ತಗಿನದು. ಬಾಗಿದ ಕಡೆ ಅದು ಕಿರಿದಾಗುತ್ತದೆ, ಸದ್ದೇ ಇಲ್ಲದೆ. 2022ರಲ್ಲಿ ಅಮೆರಿಕ 10 ಡಿಗ್ರಿಗಿಂತ ಜಾಸ್ತಿ ಓರೆ ಇರುವ ಮಲಗುವ ಸಾಮಾನುಗಳನ್ನು ಕಾನೂನು ಮಾಡಿಯೇ ನಿಷೇಧಿಸಿತು.

"ಮತ್ತೆ ಅವಳ ಮಗುಗೆ ಏನೂ ಆಗಲಿಲ್ವಲ್ಲ?" ಅಂದಳು ತಂಗಿ.

ಈ ಪ್ರಶ್ನೆಯ ಹತ್ತಿರ ನಾವು ಒಂದಿಡೀ ಸಂಜೆ ಕೂತೆವು. ಉಳಿದದ್ದೆಲ್ಲ ಇದರಿಂದಲೇ ಬಿಚ್ಚಿಕೊಂಡಿತು.

47 ಸಾವಿರಕ್ಕೆ ಒಂದು

ಈ ಬಗೆಯ ತೊಟ್ಟಿಲುಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಆಟಿಕೆ ಕಂಪನಿ ಫಿಶರ್-ಪ್ರೈಸ್‌ನವರ ರಾಕ್ ಎನ್ ಪ್ಲೇ. 2009ರಿಂದ ಮಾರಾಟದಲ್ಲಿತ್ತು. ತಾಯಂದಿರು ಅದನ್ನು ಹೊಗಳಿದ್ದೇ ಹೊಗಳಿದ್ದು. 2019ರ ಏಪ್ರಿಲ್‌ನಲ್ಲಿ ಸುಮಾರು 47 ಲಕ್ಷ ತೊಟ್ಟಿಲುಗಳನ್ನು ವಾಪಸ್ ಕರೆದರು. ಆಗ ವರದಿಯಾಗಿದ್ದ ಸಾವು 30ಕ್ಕೂ ಹೆಚ್ಚು. 2023ರ ಜನವರಿಯಲ್ಲಿ ಅದೇ ಪ್ರಕಟಣೆಯನ್ನು ಇನ್ನೊಮ್ಮೆ ಹೊರಡಿಸಬೇಕಾಯಿತು. ಆ ಹೊತ್ತಿಗೆ ಲೆಕ್ಕ ಸುಮಾರು 100 ಮುಟ್ಟಿತ್ತು. ಅದರಲ್ಲಿ ಕನಿಷ್ಠ 8 ಮಕ್ಕಳು ಸತ್ತದ್ದು ವಾಪಸ್ ಕರೆದ ಮೇಲೆ.

ಈಗ ಒಂದು ಸಣ್ಣ ಭಾಗಾಕಾರ ಮಾಡಿ. 47 ಲಕ್ಷಕ್ಕೆ 100 ಅಂದರೆ 47 ಸಾವಿರ ತೊಟ್ಟಿಲಿಗೆ ಒಂದು ಸಾವು. ಒಂದು ಊರಿನಷ್ಟು ಜನ ಆ ತೊಟ್ಟಿಲು ಕೊಂಡರೆ 46,999 ಮನೆಯವರು "ತುಂಬಾ ಚೆನ್ನಾಗಿದೆ, ನಮ್ಮ ಮಗು ಹಾಯಾಗಿ ಮಲಗ್ತು" ಅಂತಲೇ ಹೇಳುತ್ತಾರೆ. ಅವರಲ್ಲಿ ಒಬ್ಬರೂ ಸುಳ್ಳು ಹೇಳುತ್ತಿಲ್ಲ. ದುಡ್ಡು ತಗೊಂಡು ಬರೆದವರೂ ಅಲ್ಲ. 5,000 ರಿವ್ಯೂ ಓದಿದರೂ, ಎಲ್ಲವೂ ಪ್ರಾಮಾಣಿಕವಾಗಿದ್ದರೂ, ಆ ಒಂದು ಮನೆ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಮಗು ಕಳೆದುಕೊಂಡ ಮನೆಯವರು ಸ್ಟಾರ್ ಕೊಡಲು ಕೂರುತ್ತಾರಾ?

ಅಲ್ಲಿಗೆ ನನ್ನ ಮೊದಲ ವಿಂಗಡಣೆ ಯಾಕೆ ಸೋತಿತು ಅನ್ನುವುದು ಗೊತ್ತಾಯಿತು. ನಾನು ಕೇಳಿದ್ದು 'ಇವರು ಪ್ರಾಮಾಣಿಕರಾ?' ಅಂತ. ಕೇಳಬೇಕಾಗಿದ್ದದ್ದು 'ಈ ತೊಂದರೆ ಆದರೆ ಇವರಿಗೆ ಗೊತ್ತಾಗುತ್ತಾ?' ಅಂತ. ಜಿಪ್ ಸಿಕ್ಕಿಹಾಕಿಕೊಳ್ಳುತ್ತದೆ, ಚಕ್ರ ಕಿರುಗುಟ್ಟುತ್ತದೆ, ಬಟ್ಟೆ ಒಗೆದರೆ ಕುಗ್ಗುತ್ತದೆ: ಇವೆಲ್ಲ ಐದಾರು ಮನೆಗೊಮ್ಮೆ ಆಗುವ ತೊಂದರೆ. ಇದಕ್ಕೆ ಗೆಳತಿ, ಪಕ್ಕದ ಮನೆಯವರು, ರಿವ್ಯೂ ಸಾಕು. ಸಾವಿರಾರು ಮನೆಗೊಮ್ಮೆ ಆಗುವ, ಆದರೆ ಆಗಿಬಿಟ್ಟರೆ ಮುಗಿದೇಹೋಗುವ ತೊಂದರೆ ಒಂದು ಮನೆಯ ಅನುಭವಕ್ಕೆ ಸಿಗುವುದೇ ಇಲ್ಲ. ಅದು ಕಾಣಿಸುವುದು ಎಲ್ಲ ಮನೆಗಳ ಕೆಟ್ಟ ಸುದ್ದಿಯನ್ನು ಒಂದು ಕಡೆ ಕೂಡಿಹಾಕುವವರಿಗೆ ಮಾತ್ರ. ಸುರಕ್ಷತಾ ಆಯೋಗಗಳು, ಮಕ್ಕಳ ವೈದ್ಯರ ಸಂಘಗಳು, ವಾಪಸ್ ಕರೆದ ಸಾಮಾನುಗಳ ಪಟ್ಟಿ ಇಡುವವರು. ಒಇಸಿಡಿ ಅನ್ನುವ ದೇಶಗಳ ಒಕ್ಕೂಟದ ಗ್ಲೋಬಲ್ ರಿಕಾಲ್ಸ್ ಪೋರ್ಟಲ್ 2012ರಿಂದ ಹಲವು ದೇಶಗಳ ಪಟ್ಟಿಯನ್ನು ಒಂದೇ ಕಡೆ ತೋರಿಸುತ್ತಿದೆ. ನೋಡಲು ಏನೂ ಚೆಂದವಿಲ್ಲ, ಆದರೆ ನಮ್ಮ ಹುಡುಕಾಟದಲ್ಲಿ ವಿಡಿಯೋಗಳಿಗಿಂತ ಜಾಸ್ತಿ ಉಪಯೋಗಕ್ಕೆ ಬಂತು.

ಅತ್ತೆಯ ತರಬೇತಿ

ತಂಗಿಯ ಅತ್ತೆ ನಿವೃತ್ತ ನರ್ಸ್. ಅವರ ಮಾತಿಗೆ ಮನೆಯಲ್ಲಿ ತೂಕವಿದೆ, ಇರಬೇಕಾದ್ದೇ. ಅವರ ಸಲಹೆ: ಮಗುವನ್ನು ಹೊಟ್ಟೆಯ ಮೇಲೆ ಮಲಗಿಸಿ, ಕಕ್ಕಿಕೊಂಡರೆ ಗಂಟಲಿಗೆ ಸಿಕ್ಕಿಕೊಳ್ಳಲ್ಲ.

ಇದು ಅಜ್ಜಿ ಕಥೆಯಲ್ಲ. ಅವರು ಕಲಿತ ಕಾಲದಲ್ಲಿ ವೈದ್ಯರೇ ಹಾಗೆ ಹೇಳುತ್ತಿದ್ದರು. ಆಮೇಲೆ ಹೊಟ್ಟೆಯ ಮೇಲೆ ಮಲಗಿದ ಮಕ್ಕಳು ನಿದ್ದೆಯಲ್ಲೇ ತೀರಿಕೊಳ್ಳುವುದು ಜಾಸ್ತಿ ಅಂತ ಒಂದೊಂದೇ ದೇಶದಲ್ಲಿ ಕಂಡುಬಂತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಸಲಹೆ ಬದಲಿಸಿತು. 1994ರಲ್ಲಿ ಬೆನ್ನಿನ ಮೇಲೆ ಮಲಗಿಸಿ ಅನ್ನುವ ದೊಡ್ಡ ಪ್ರಚಾರ ಶುರುವಾಯಿತು. ಮುಂದಿನ ವರ್ಷಗಳಲ್ಲಿ ಅಲ್ಲಿ ಕಾರಣ ಗೊತ್ತಾಗದ ಹಠಾತ್ ಶಿಶುಮರಣ ಸುಮಾರು ಅರ್ಧಕ್ಕೆ ಇಳಿಯಿತು.

ಅತ್ತೆಗೆ ಇದನ್ನು ಹೇಳುವುದು ಹೇಗೆ? 'ನಿಮಗೆ ಗೊತ್ತಿಲ್ಲ' ಅನ್ನೋ ಹಾಗಿಲ್ಲ. ತಂಗಿಯ ಗಂಡ ಜಾಣ. "ಅಮ್ಮ, ನೀನು ಟ್ರೇನಿಂಗ್ ಮಾಡಿದ್ದು ಯಾವ ವರ್ಷ?" ಅಂತ ಮಾತ್ರ ಕೇಳಿದ. ಅವರು ಹೇಳಿದರು. ಇವನು 1992 ಅಂದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಬದಲಾಗಿದೆ ಅನ್ನು" ಅಂದರು. ಅಷ್ಟೇ. ನರ್ಸ್ ಆಗಿದ್ದವರಿಗೆ ಔಷಧಿಯ ಸೀಸೆ ಮೇಲೆ ತಾರೀಖು ನೋಡುವ ಅಭ್ಯಾಸ ಇರುತ್ತದೆ. ಸಲಹೆಗೂ ತಾರೀಖು ಇರುತ್ತದೆ ಅಂತ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಅದೇ ಅತ್ತೆ ಇನ್ನೊಂದು ಮಾತು ಹೇಳಿದ್ದರು. "ಅರ್ಧ ಸಾಮಾನು ಮಗು ಹುಟ್ಟಿದ ಮೇಲೆ ತಗೊಳ್ಳಿ, ಯಾವುದು ಬೇಕು ಅಂತ ಅದೇ ಹೇಳುತ್ತೆ." 43 ಇದ್ದ ಪಟ್ಟಿಯನ್ನು 17ಕ್ಕೆ ಇಳಿಸಿದ್ದು ಈ ಒಂದು ಮಾತು. ಯಾವ ವಿಡಿಯೋದವರೂ ಇದನ್ನು ಹೇಳಿರಲಿಲ್ಲ.

ಕಾರ್ ಸೀಟು

ಇಲ್ಲಿ ದುಡ್ಡೂ ಹೋಯಿತು, ಪಾಠವೂ ಆಯಿತು. ತಂಗಿಯ ಗಂಡ ಎರಡು ರಾತ್ರಿ ಕೂತು ರ‍್ಯಾಂಕಿಂಗ್ ಓದಿ, ಮೊದಲ ಸ್ಥಾನದಲ್ಲಿದ್ದ ಸೀಟನ್ನು ಆನ್‌ಲೈನ್‌ನಲ್ಲಿ ತರಿಸಿದ. ಒಳ್ಳೆಯ ಸೀಟೇ. ಮಗು ಹಿಂದಕ್ಕೆ ಮುಖ ಮಾಡಿ ಕೂರುವಂಥದ್ದು. ಯುರೋಪಿನಲ್ಲಿ ಪಾಲಿಸುವ ಆರ್129 ಅನ್ನುವ ಕಾರ್ ಸೀಟು ನಿಯಮದ ಪ್ರಕಾರ ಕನಿಷ್ಠ 15 ತಿಂಗಳವರೆಗೆ ಹಾಗೇ ಕೂರಬೇಕು. ಅಮೆರಿಕದ ಮಕ್ಕಳ ವೈದ್ಯರು 2018ರಿಂದ ವಯಸ್ಸಿನ ಲೆಕ್ಕವನ್ನೇ ಬಿಟ್ಟು, ಆ ಸೀಟಿನ ತೂಕ, ಎತ್ತರದ ಮಿತಿ ಮುಟ್ಟುವವರೆಗೂ ಹಿಂದಕ್ಕೇ ಕೂರಿಸಿ ಅನ್ನುತ್ತಾರೆ. ಸಣ್ಣ ಮಗುವಿನ ತಲೆ ಭಾರ, ಕುತ್ತಿಗೆ ಎಳಸು. ಮುಂದಿನಿಂದ ಡಿಕ್ಕಿಯಾದಾಗ ಹಿಂದಕ್ಕೆ ಮುಖ ಮಾಡಿದ್ದರೆ ಪೆಟ್ಟು ಇಡೀ ಬೆನ್ನಿಗೆ ಹಂಚಿಹೋಗುತ್ತದೆ.

ಆದರೆ ಸೀಟು ಅವರ ಕಾರಿನಲ್ಲಿ ಕೂರಲಿಲ್ಲ. ಹಿಂದಿನ ಆಸನದ ಇಳಿಜಾರು ಜಾಸ್ತಿ, ಬೆಲ್ಟ್ ಗಿಡ್ಡ. ಬೆಲ್ಟ್ ಹಾದುಹೋಗುವ ಜಾಗದಲ್ಲಿ ಸೀಟನ್ನು ಹಿಡಿದು ಅಲುಗಿಸಿದರೆ ಅದು 2.5 ಸೆಂಟಿಮೀಟರ್‌ಗಿಂತ ಜಾಸ್ತಿ ಅಲುಗಬಾರದು. ಇದು ಒಂದು ಅಂಗೈ ಅಗಲ ಅಲುಗುತ್ತಿತ್ತು. ಮಂಡಿ ಊರಿ, ಬೆಲ್ಟ್ ಎಳೆದು, ಬೆವರು ಸುರಿಸಿ, ಮೂರು ಸಲ ಬಿಚ್ಚಿ ಹಾಕಿದ. ಅಲುಗುತ್ತಲೇ ಇತ್ತು. ವಾಪಸ್ ಕಳಿಸುವ ಖರ್ಚು ಅವನದೇ ಆಯಿತು.

ಆಮೇಲೆ ಅಂಗಡಿಗೆ ಹೋದರು. ಅಲ್ಲಿದ್ದ ಹುಡುಗ ಸೀಟು ತೋರಿಸುವ ಮೊದಲು ಕೇಳಿದ್ದು, "ಕಾರು ಯಾವುದು ಮೇಡಂ? ಹೊರಗೆ ನಿಲ್ಲಿಸಿದ್ದೀರಾ?" ಮೂರು ಸೀಟು ಹೊತ್ತುಕೊಂಡು ಹೊರಗೆ ಬಂದ. ಮೊದಲನೆಯದಕ್ಕೆ ಅವನೇ "ಇದು ಬೇಡ" ಅಂದ. ಎರಡನೆಯದು, ಮೂರರಲ್ಲೇ ಜಾಸ್ತಿ ಬೆಲೆಯದು, ಅದಕ್ಕೂ ಬೇಡ ಅಂದ. ಮೂರನೆಯದು ಗಟ್ಟಿಯಾಗಿ ಕೂತಿತು. ಬಟ್ಟೆ ಗೊಂಬೆಯೊಂದನ್ನು ಕೂರಿಸಿ ಪಟ್ಟಿ ಕಟ್ಟಿದ. ಭುಜದ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಲು ಹೇಳಿದ. "ಮಡಿಕೆ ಸಿಕ್ಕಿತಾ? ಸಿಕ್ಕಿದರೆ ಸಡಿಲ ಅಂತ." ತಂಗಿ ಚಿವುಟಿದಳು, ಸಿಕ್ಕಿತು. ಅವನು ಇನ್ನೊಂದು ಸಲ ಎಳೆದ. ಆಗ ಬೆರಳು ಜಾರಿತು.

ಈ ಹುಡುಗನಿಗೆ ಯಾವ ಸೀಟು ಡಿಕ್ಕಿಯಲ್ಲಿ ಮಗುವನ್ನು ಉಳಿಸುತ್ತದೆ ಅನ್ನುವುದು ಗೊತ್ತಿಲ್ಲ. ಗೊತ್ತಿದೆ ಅಂತ ಅವನೂ ಹೇಳಲಿಲ್ಲ. ಆದರೆ ಯಾವ ಸೀಟು ಯಾವ ಕಾರಿನಲ್ಲಿ ಕೂರುತ್ತದೆ ಅನ್ನುವುದು ಅವನಿಗೆ ದಿನಾ ಗೊತ್ತಾಗುತ್ತದೆ. ಕೂರದಿದ್ದರೆ ಗಿರಾಕಿ ಮರುದಿನ ಜಗಳಕ್ಕೆ ಬರುತ್ತಾರಲ್ಲ! ಕೆಟ್ಟ ಸುದ್ದಿ ಅವನ ಬಾಗಿಲಿಗೇ ಬರುತ್ತದೆ.

ಹಾಗಂತ ಪರೀಕ್ಷೆ ಮಾಡುವ ಸಂಸ್ಥೆಗಳು ಸುಮ್ನೆ ಅಂತಲ್ಲ. ನನಗೆ ಅವುಗಳ ಮೇಲೆ ನಂಬಿಕೆ ಬಂದದ್ದು ಒಂದು ತಪ್ಪಿನಿಂದ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ 1936ರಿಂದ ಇದೆ. ಜಾಹೀರಾತು ತೆಗೆದುಕೊಳ್ಳುವುದಿಲ್ಲ. ಪರೀಕ್ಷೆ ಮಾಡುವ ಸಾಮಾನನ್ನು ಅಂಗಡಿಯಿಂದಲೇ ದುಡ್ಡು ಕೊಟ್ಟು ಕೊಳ್ಳುತ್ತದೆ. 2007ರ ಜನವರಿಯಲ್ಲಿ ಅದು 12 ಶಿಶು ಸೀಟುಗಳನ್ನು ಪರೀಕ್ಷಿಸಿ, ಎರಡು ಬಿಟ್ಟು ಉಳಿದವೆಲ್ಲ ಸರಿಯಿಲ್ಲ ಅಂದಿತು. ಅಪ್ಪ ಅಮ್ಮಂದಿರು ಗಾಬರಿಯಾದರು. ಸರ್ಕಾರದ ಹೆದ್ದಾರಿ ಸುರಕ್ಷತಾ ಇಲಾಖೆ ಲೆಕ್ಕ ತೆಗೆದು ನೋಡಿತು. ಪಕ್ಕದಿಂದ ಗುದ್ದಿಸಿದ ಪರೀಕ್ಷೆ ಗಂಟೆಗೆ 38 ಮೈಲಿ ವೇಗದ್ದು ಅಂತ ಬರೆದಿದ್ದರು, ನಿಜಕ್ಕೂ ಅದು 70 ಮೈಲಿಯ ಡಿಕ್ಕಿಗೆ ಸಮನಾಗಿತ್ತು. ಎರಡೇ ವಾರದಲ್ಲಿ ಸಂಸ್ಥೆ ಇಡೀ ವರದಿಯನ್ನು ವಾಪಸ್ ತೆಗೆದುಕೊಂಡಿತು, ಎಲ್ಲರೆದುರು. ಹೊಗಳಿದ ಸಾಮಾನಿನ ಬಗ್ಗೆ 'ನಾನು ತಪ್ಪು ಹೇಳಿದೆ' ಅಂತ ಇನ್ನೊಂದು ವಿಡಿಯೋ ಹಾಕಿದವರನ್ನು ನೀವು ಎಷ್ಟು ಜನರನ್ನು ನೋಡಿದ್ದೀರಿ?

ಅಟ್ಟದ ಮೇಲಿನ ಸ್ಟ್ರಾಲರ್

ಸ್ಟ್ರಾಲರ್ ವಿಷಯ ಚಿಕ್ಕದು. ಪಕ್ಕದ ಮನೆಯವರು "ನಮ್ಮದು ಸೂಪರ್, ಕಣ್ಣು ಮುಚ್ಚಿ ತಗೊಳ್ಳಿ" ಅಂದರು. "ಒಂದು ಸಲ ನೋಡಬಹುದಾ?" ಅಂತ ತಂಗಿ ಕೇಳಿದಳು. ಅದು ಅಟ್ಟದ ಮೇಲಿತ್ತು. ಏಣಿ ಹಾಕಿ ಇಳಿಸಬೇಕಾಯಿತು. ಮೇಲೆ ಒಂದು ಬೆರಳು ದಪ್ಪ ಧೂಳು. ಅವರ ಮಗುವಿಗೆ ಆಗ 14 ತಿಂಗಳು, ಸ್ಟ್ರಾಲರ್ ಬೇಕಾಗುವ ವಯಸ್ಸೇ. "ಮಡಿಸೋಕೆ ಎರಡೂ ಕೈ ಬೇಕು, ಮಗು ಎಲ್ಲಿಡೋದು ಹೇಳಿ" ಅಂತ ಅವರೇ ನಕ್ಕರು. ಚೆನ್ನಾಗಿದೆಯಾ ಅಂತ ಕೇಳಿದರೆ ಯಾರೂ ತಾವು ಕೊಂಡದ್ದನ್ನು ಬಯ್ಯುವುದಿಲ್ಲ. ಎಲ್ಲಿಟ್ಟಿದ್ದೀರಿ ಅಂತ ಕೇಳಿದರೆ ನಿಜ ಹೊರಬರುತ್ತದೆ. ತಂಗಿ ಆಮೇಲೆ ಎಲ್ಲರಿಗೂ ಇದನ್ನೇ ಕೇಳುತ್ತಾ ಹೋದಳು.

ರಿವ್ಯೂಗಳನ್ನೂ ಬಿಡಲಿಲ್ಲ, ಆದರೆ ಓದುವ ರೀತಿ ಬದಲಾಯಿತು. 5 ಸ್ಟಾರ್, 1 ಸ್ಟಾರ್ ಬಿಟ್ಟು 3 ಸ್ಟಾರ್‌ನವು. ಬೇರೆ ಬೇರೆ ಜನ ಬೇರೆ ಬೇರೆ ಮಾತಿನಲ್ಲಿ ಒಂದೇ ದೂರು ಹೇಳುತ್ತಿದ್ದಾರಾ ಅಂತ ನೋಡುವುದು. ಅವಳಿಗೆ ಸಿಕ್ಕ ಒಂದು 5 ಸ್ಟಾರ್ ರಿವ್ಯೂ ಹೀಗಿತ್ತು: 'ತುಂಬಾ ಒಳ್ಳೆಯ ಪ್ರಾಡಕ್ಟ್, ಮುಂದಿನ ತಿಂಗಳು ಡೆಲಿವರಿ.' ಪಾರ್ಸೆಲ್ ಡೆಲಿವರಿ ಅಲ್ಲ, ಹೆರಿಗೆ.

ಡಾಕ್ಟರ ಬಗ್ಗೆಯೂ ಒಂದು ಮಾತು. "ಯಾವ ತೊಟ್ಟಿಲು ತಗೊಳ್ಳಲಿ?" ಅಂದಾಗ ಅವರು "ಯಾವುದಾದರೂ ಸರಿ" ಅಂದಿದ್ದರು. ಅದನ್ನೇ ಪಟ್ಟಿಯಲ್ಲಿ ಬರೆದುಕೊಂಡು ತಂಗಿ ಗೊಂದಲಪಟ್ಟಿದ್ದಳು. ಮುಂದಿನ ಸಲ ಪ್ರಶ್ನೆ ಬದಲಿಸಿ, "28 ಡಿಗ್ರಿ ಓರೆ ಇದೆ, ರಾತ್ರಿ ಇದರಲ್ಲಿ ಮಲಗಿಸಬಹುದಾ?" ಅಂತ ಕೇಳಿದಳು. ಅವರು ಪೆನ್ನು ಕೆಳಗಿಟ್ಟರು. "ಬೇಡ. ಚಪ್ಪಟೆ, ಗಟ್ಟಿ ಹಾಸಿಗೆ. ದಿಂಬು, ಗೊಂಬೆ, ಹೊದಿಕೆ ಏನೂ ಇರಬಾರದು. ಬೆನ್ನಿನ ಮೇಲೆ." ಅದೇ ಡಾಕ್ಟ್ರು. ಪ್ರಶ್ನೆ ಮಾತ್ರ ಬೇರೆ.

ಎದೆಬಡಿತದ ಕಾಲ್ಚೀಲದಲ್ಲಿ ಮಾತ್ರ ನನ್ನ ಮಾತು ನಡೆಯಲಿಲ್ಲ. ಇಂಥ ಯಂತ್ರಗಳನ್ನು ಹಠಾತ್ ಶಿಶುಮರಣ ತಡೆಯುವ ಉಪಾಯ ಅಂತ ನೆಚ್ಚಿಕೊಳ್ಳಬೇಡಿ ಎಂದು ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ ಅಂದೆ. ತಂಗಿಯ ಗಂಡ ತಲೆಯಾಡಿಸಿದ, ಆಮೇಲೆ ಕೊಂಡ. ಮೂರನೇ ರಾತ್ರಿ ಅದು ಸುಮ್‌ಸುಮ್ನೆ ಕಿರುಚಿ ಮನೆಯವರನ್ನೆಲ್ಲ ಎಬ್ಬಿಸಿತು. ಮಗು ಮಾತ್ರ ಏಳಲಿಲ್ಲ. ಈಗ ಅದು ಮೇಜಿನ ಡ್ರಾಯರ್‌ನಲ್ಲಿದೆ. ಭಯಕ್ಕೆ ಕೊಂಡ ಸಾಮಾನಿಗೆ ಲೆಕ್ಕ ಕೇಳಬಾರದು ಅಂತ ನಾನೂ ಸುಮ್ಮನಾದೆ.

ವಾಪಸ್ ಕೊಡುವುದು ಹೇಗೆ?

ಉಳಿದದ್ದು ಓರೆ ತೊಟ್ಟಿಲು. ವಾಪಸ್ ಕೊಟ್ಟರೆ ಗೆಳತಿ ಇನ್ನೊಬ್ಬರಿಗೆ ಕೊಡುತ್ತಾಳೆ. ಕಸದ ಹತ್ತಿರ ಇಟ್ಟರೆ ಯಾರಾದರೂ ಎತ್ತಿಕೊಂಡು ಹೋಗುತ್ತಾರೆ. 2019ರ ನಂತರವೂ ಮಕ್ಕಳು ಸತ್ತದ್ದು ಸುಮ್ನೆ ಅಲ್ಲ. ಕಾಗದದ ಮೇಲೆ ವಾಪಸ್ ಕರೆದ ತೊಟ್ಟಿಲು ಎಷ್ಟೋ ಮನೆಗಳಲ್ಲಿ ಹಾಗೇ ಉಳಿದಿತ್ತು. ಹಾಗಾಗಿ ತಂಗಿಯ ಗಂಡ ಕತ್ತರಿ ತಂದು ಬಟ್ಟೆಯನ್ನು ಉದ್ದಕ್ಕೆ ಸೀಳಿದ, ಕಂಬಿಗಳನ್ನು ಬಿಚ್ಚಿ ಬೇರೆ ಮಾಡಿದ. ಅಷ್ಟು ಚೆನ್ನಾಗಿ ಒಗೆದಿದ್ದ ಬಟ್ಟೆ. ನೋಡಲು ಹಿಂಸೆಯಾಯಿತು.

ಗೆಳತಿಗೆ ಹೇಳುವ ಕೆಲಸ ತಂಗಿಯದು. ಎರಡು ದಿನ ಮುಂದೂಡಿದಳು. ಮೂರನೇ ದಿನ ನಾನು ಪಕ್ಕದಲ್ಲಿ ಕೂತಿದ್ದಾಗ ಫೋನ್ ಮಾಡಿದಳು. ಮೊದಲು ಥ್ಯಾಂಕ್ಸ್ ಹೇಳಿದಳು. ಆಮೇಲೆ ಹಲಗೆ, ಫೋನು, 28 ಡಿಗ್ರಿ ಎಲ್ಲ ಹೇಳಿದಳು. ನಿನ್ನ ತಪ್ಪಲ್ಲ, ಆಗ ಎಲ್ಲರೂ ಕೊಳ್ಳುತ್ತಿದ್ದರು ಅಂತಲೂ ಸೇರಿಸಿದಳು. ಆ ಕಡೆ ತುಂಬಾ ಹೊತ್ತು ಮಾತಿಲ್ಲ. ಬೇಜಾರು ಮಾಡಿಕೊಂಡಳು ಅಂತ ತಂಗಿ ನನ್ನ ಮುಖ ನೋಡಿದಳು.

"ಲೇ," ಅಂದಳು ಗೆಳತಿ ಕೊನೆಗೆ, "ಅಂಥದ್ದೇ ಇನ್ನೊಂದು ನಮ್ಮ ಅತ್ತಿಗೆ ಮನೇಲಿದೆ. ಮಗುಗೆ ಈಗ ಎರಡು ತಿಂಗಳು. ನೀನು ಫೋನ್ ಇಡು, ನಾನು ಅವರಿಗೆ ಮಾಡ್ತೀನಿ."